ಬೋರ್ ಮಾಡಿಸಿದ ಲಾರಿ ಇಂಜಿನ್ ಬೇಗ ಸವೆಯಿತೇ? ಹಳೇ ಭಾಗ ಗುಜರಿಗೆ ಹಾಕುವ ಮುನ್ನ ಇಷ್ಟು ನೋಡಿ

ಲಕ್ಷಗಟ್ಟಲೆ ಸುರಿದು ಇಂಜಿನ್ ಕೆಲಸ ಮಾಡಿಸಿದ ಲಾರಿ ವರ್ಷ ತುಂಬುವುದರೊಳಗೆ ಮತ್ತೆ ಆಯಿಲ್ ತಿನ್ನತೊಡಗುತ್ತದೆ. ಮಾಲೀಕ ಮೆಕ್ಯಾನಿಕ್‌ನನ್ನು ದೂರುತ್ತಾನೆ, ಮೆಕ್ಯಾನಿಕ್ ಬಿಡಿಭಾಗವನ್ನು, ಅಂಗಡಿಯವನು ಡ್ರೈವರನ್ನು. ಕೊನೆಗೆ ಹೊಸ ಲೈನರ್, ಪಿಸ್ಟನ್, ರಿಂಗು ಬೀಳುತ್ತವೆ, ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ. ಎಲ್ಲಿ ಹೆಚ್ಚು ಸವೆದಿದೆ, ಎಲ್ಲಿ ಕಡಿಮೆ ಎಂದು ಹೋಲಿಸಿ ನೋಡಿದರೆ ಆ ಕಾರಣ ಬಹುತೇಕ ಸಿಕ್ಕಿಬಿಡುತ್ತದೆ.

1. ಬಿಚ್ಚುವ ಮೊದಲು ಬರೆದಿಡಿ
ಕೆಲಸವಾದ ಮೇಲೆ ಓಡಿದ ಕಿಲೋಮೀಟರ್, ಮೇಲಿಂದ ಹಾಕಿದ ಆಯಿಲ್, ಬದಲಿಸಿದ ಮತ್ತು ಬದಲಿಸದ ಭಾಗಗಳ ಪಟ್ಟಿ ಮಾಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬ್ರೀದರ್ ಪೈಪಿನಿಂದ ರಭಸವಾಗಿ ಹೊಗೆ ಬಂದರೆ ರಿಂಗು ದಾಟಿ ಗ್ಯಾಸ್ ಇಳಿಯುತ್ತಿರುವ ಸಾಧ್ಯತೆ ಹೆಚ್ಚು. ಟರ್ಬೊ ಸೀಲ್ ಸೋರಿದರೂ ಹೀಗಾಗಬಹುದು, ಅದನ್ನೂ ನೋಡಿ.

2. ಆಯಿಲ್ ಪರೀಕ್ಷೆ
ಇಂಜಿನ್ ಬಿಸಿಯಿರುವಾಗಲೇ, ಇಳಿಸುವ ಆಯಿಲ್‌ನ ಧಾರೆ ಅರ್ಧ ಹರಿದ ಮೇಲೆ ಸ್ವಚ್ಛ ಬಾಟಲಿಗೆ ಹಿಡಿದು ಲ್ಯಾಬಿಗೆ ಕಳಿಸಿ. ಸಿಲಿಕಾನ್, ಅಲ್ಯೂಮಿನಿಯಂ ಜೊತೆಯಾಗಿ ಏರಿದ್ದರೆ ಮಣ್ಣಿನ ಧೂಳಿನ ಮೇಲೆ ಅನುಮಾನ ಪಡಿ. ಸಿಲಿಕಾನ್ ಒಂದೇ ಏರಿದ್ದರೆ ಹೊಸದಾಗಿ ಹಚ್ಚಿದ ಗ್ಯಾಸ್ಕೆಟ್ ಪೇಸ್ಟಿನದೂ ಇರಬಹುದು. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಸೋರಿಕೆಯ ಸುಳಿವು. ಸೀಸ, ತವರ, ತಾಮ್ರ ಬೇರಿಂಗಿನ ಕಡೆ ಬೆರಳು ತೋರಿಸುತ್ತವೆ. ಆಯಿಲ್ ತೆಳ್ಳಗಾಗಿದ್ದರೆ ಡೀಸೆಲ್ ಬೆರೆತಿರಬಹುದು. ಹಳೇ ಫಿಲ್ಟರನ್ನು ಕತ್ತರಿಸಿ, ಒಳಗಿನ ಚೂರಿಗೆ ಆಯಸ್ಕಾಂತ ಹಿಡಿಯಿರಿ: ಅಂಟಿದ್ದು ಕಬ್ಬಿಣ, ಅಂಟದೆ ಹೊಳೆಯುವುದು ಹೆಚ್ಚಾಗಿ ಬೇರಿಂಗ್ ಇಲ್ಲವೇ ಪಿಸ್ಟನ್ನಿನ ಚೂರು.

3. ಗಾಳಿಯ ದಾರಿ
ಸಂಡೂರು, ಹೊಸಪೇಟೆ ಕಡೆಯ ಅದಿರು ರಸ್ತೆಯಲ್ಲೋ ಜಲ್ಲಿ ಕ್ವಾರಿಯಲ್ಲೋ ಓಡುವ ಗಾಡಿಗೆ ಈ ಹಂತ ಮುಖ್ಯ. ಏರ್ ಫಿಲ್ಟರ್ ದಾಟಿದ ಮೇಲಿನ ಹೋಸಿನ ಒಳಗೆ ಬಿಳಿ ಬಟ್ಟೆ ಆಡಿಸಿ. ಧೂಳು ಹತ್ತಿದರೆ ಸಡಿಲ ಕ್ಲಿಪ್, ಬಿರುಕು ಬಿಟ್ಟ ಹೋಸ್, ಸರಿಯಾಗಿ ಕೂರದ ಫಿಲ್ಟರ್ ಹುಡುಕಿ. ಟರ್ಬೊ ಕಂಪ್ರೆಸರ್ ರೆಕ್ಕೆಯ ಅಂಚು ತೇದು ಹೋಗಿದ್ದರೆ ಅದೂ ಧೂಳು ನುಗ್ಗಿದ್ದಕ್ಕೆ ಸಾಕ್ಷಿಯೇ.

4. ಮೇಲೆ ಸವೆತವೋ, ಕೆಳಗೋ?
ಬಿಚ್ಚುವಾಗಲೇ ಪ್ರತಿ ಭಾಗಕ್ಕೂ ಸಿಲಿಂಡರ್ ನಂಬರ್ ಹಾಕಿ. ಲೈನರನ್ನು ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಿರಿ. ರಿಂಗುಗಳನ್ನು ಲೈನರ್‌ನ ಸವೆಯದ ಭಾಗದಲ್ಲಿ ಸಮವಾಗಿ ಕೂರಿಸಿ, ಬಾಯಿ ಎಷ್ಟು ತೆರೆದಿದೆ ಎಂದು ಫೀಲರ್ ಗೇಜಿನಿಂದ ನೋಡಿ.

ಮೇಲಿನ ರಿಂಗು ಮತ್ತು ಲೈನರ್‌ನ ಮೇಲ್ಭಾಗವೇ ಹೆಚ್ಚು ತೇದು, ಬೇರಿಂಗ್ ಹೆಚ್ಚುಕಡಿಮೆ ಚೆನ್ನಾಗಿದ್ದರೆ ಧೂಳು ಗಾಳಿಯ ಜೊತೆ ಬಂದಿದೆ. ಆಯಿಲ್ ರಿಂಗು, ಪಿಸ್ಟನ್ ಸ್ಕರ್ಟ್, ಬೇರಿಂಗ್ ಎಲ್ಲವೂ ಸವೆದಿದ್ದರೆ ಕೊಳೆ ಆಯಿಲ್‌ನಲ್ಲೇ ಇತ್ತು: ಹೋನಿಂಗ್ ಪುಡಿ ತೊಳೆದಿಲ್ಲ, ಅಥವಾ ಆಯಿಲ್ ಕೂಲರಿನಲ್ಲಿ ಹಿಂದಿನ ಸಲದ ಲೋಹದ ಚೂರು ಉಳಿದಿತ್ತು.

5. ಒಂದೋ, ಎಲ್ಲವೋ?
ಒಂದೇ ಸಿಲಿಂಡರ್ ಕೆಟ್ಟಿದ್ದರೆ ಅದರ ನೋಜಲ್, ಕನೆಕ್ಟಿಂಗ್ ರಾಡ್, ಪಿಸ್ಟನ್ನಿಗೆ ಆಯಿಲ್ ಚಿಮ್ಮಿಸುವ ಜೆಟ್ ಪರೀಕ್ಷಿಸಿ. ಸೋರುವ ನೋಜಲ್ ಲೈನರ್ ಮೇಲಿನ ಆಯಿಲ್ ಪದರವನ್ನೇ ತೊಳೆದುಹಾಕುತ್ತದೆ. ಪಿಸ್ಟನ್ ಮೇಲೆ ಓರೆಯಾಗಿ ಉಜ್ಜಿದ ಗುರುತಿದ್ದರೆ ರಾಡ್ ಬಾಗಿರಬಹುದು. ಎಲ್ಲ ಸಿಲಿಂಡರೂ ಕೆಟ್ಟಿದ್ದರೆ ಗಾಳಿ, ಆಯಿಲ್, ಜೋಡಣೆಯಂಥ ಸಾಮಾನ್ಯ ಕಾರಣ ಹುಡುಕಬೇಕು.

6. ಬೇರಿಂಗ್ ಏನು ಹೇಳುತ್ತದೆ?
ಸುತ್ತಲೂ ಗೀರು, ಒಳಗೆ ಹೂತ ಕಣ ಕಂಡರೆ ಕೊಳೆ. ಲೋಹ ಕರಗಿ ಬಳಿದಂತಿದ್ದರೆ ಆಯಿಲ್ ಕೊರತೆ. ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿದೆ ಅಥವಾ ಜರ್ನಲ್ ಗ್ರೈಂಡಿಂಗ್ ಓರೆ. ನಡುವಿನ ಮೇನ್ ಬೇರಿಂಗುಗಳಷ್ಟೇ ಹೆಚ್ಚು ಸವೆದಿದ್ದರೆ ಕ್ರ್ಯಾಂಕ್ ಅಥವಾ ಬ್ಲಾಕ್ ನೇರವಾಗಿದೆಯೇ ನೋಡಿ.

7. ಮತ್ತೆ ಜೋಡಿಸುವಾಗ
ಡೀಸೆಲ್ ಚಿಮುಕಿಸಿದರೆ ಹೋನಿಂಗ್ ಪುಡಿ ಪೂರ್ತಿ ಹೋಗದು. ಬಿಸಿನೀರು, ಸೋಪು, ಬ್ರಷ್ ಹಿಡಿದು, ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಉಜ್ಜಿ, ಒರೆಸಿ ಒಡನೆ ಆಯಿಲ್ ಸವರಿ. ಆಯಿಲ್ ಕೂಲರನ್ನು ಬದಲಿಸಿ. ಏಕೆಂದರೆ ಅದರ ಒಳಗನ್ನು ಪೂರ್ತಿ ತೊಳೆಯುವುದು ಕಷ್ಟ. ಜೋಡಿಸಿದ ಮೇಲೆ ಗಾಡಿಯನ್ನು ಗಂಟೆಗಟ್ಟಲೆ ಐಡಲಿಂಗಿನಲ್ಲಿ ನಿಲ್ಲಿಸಬೇಡಿ; ರಿಂಗು ಕೂರಲು ಹದವಾದ ಲೋಡ್ ಬೇಕು.

ಲೈನರ್ ಅಳತೆ, ರಿಂಗ್ ಗ್ಯಾಪ್, ಬೇರಿಂಗ್ ಕ್ಲಿಯರೆನ್ಸ್ ಮೂರನ್ನೂ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮೊದಲ ಅಳತೆ ಕೈಯಲ್ಲಿದ್ದರಷ್ಟೇ ಮುಂದೆ ಎಷ್ಟು ಸವೆಯಿತು ಎಂದು ಲೆಕ್ಕ ಹಾಕಲು ಸಾಧ್ಯ.