ಪಿನ್ನು ತುಟಿಯಲ್ಲಿ ಬೇಡ ಮಗಳೇ

ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಓದಲು ಬಂದ ಹುಡುಗಿಯರ ಬೆಳಗು ಹೇಗಿರುತ್ತದೆಂದು ನನಗೆ ಗೊತ್ತು. ಕನ್ನಡಿ ಒಂದೇ, ಅದರ ಮುಂದೆ ನಾಲ್ಕು ಜನ, ಬಸ್ಸಿಗೆ ಹೊತ್ತಾಗಿರುತ್ತದೆ. ಎರಡೂ ಕೈ ಹಿಜಾಬಿನ ಸ್ಕಾರ್ಫಿನ ಮೇಲೆ, ಪಿನ್ನು ತುಟಿಗಳ ನಡುವೆ. ಅಷ್ಟರಲ್ಲಿ ಯಾರೋ ನಗಿಸುತ್ತಾರೆ. ನಗುವಿನ ನಡುವೆ ಗಬಕ್ಕನೆ ಉಸಿರೆಳೆದುಕೊಳ್ಳುತ್ತೀರಲ್ಲ, ಪಿನ್ನು ಶ್ವಾಸನಾಳಕ್ಕೆ ಇಳಿಯಲು ಅಷ್ಟು ಸಾಕು.

ಹೆದರಿಸಲು ಕಟ್ಟಿದ ಕಥೆಯಲ್ಲ ಇದು. ಟರ್ಕಿ, ಈಜಿಪ್ಟ್, ಇರಾಕಿನ ವೈದ್ಯರು ಇಂಥ ಪ್ರಕರಣಗಳನ್ನು ವರ್ಷಗಳಿಂದ ದಾಖಲಿಸುತ್ತಿದ್ದಾರೆ. ಅವರ ಬಳಿ ಬಂದವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗಿಯರು. ಹಾಗಂತ ಹಿಜಾಬನ್ನು ದೂರುವವರ ಮಾತಿಗೆ ನಾನು ತಲೆದೂಗುವುದಿಲ್ಲ. ಸೆರಗಿಗೆ ಪಿನ್ನು ಹಾಕಿಕೊಳ್ಳುವ ಹೆಂಗಸರದೂ ದರ್ಜಿಗಳದೂ ಇದೇ ಚಾಳಿ. ಫಿಲಡೆಲ್ಫಿಯಾದ ವೈದ್ಯ ಶೆವಾಲಿಯರ್ ಜಾಕ್ಸನ್ ಕಳೆದ ಶತಮಾನದಲ್ಲಿ ಜನರ ಗಂಟಲು, ಶ್ವಾಸನಾಳಗಳಿಂದ ಹೊರತೆಗೆದ ವಸ್ತುಗಳನ್ನು ಕೂಡಿಡುತ್ತಿದ್ದರು. ಅಂಥ 2,374 ವಸ್ತುಗಳು ಅಲ್ಲಿನ ಮ್ಯೂಟರ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಪಿನ್ನುಗಳೂ ಬೇಕಾದಷ್ಟಿವೆ.

ಹೈದರಾಬಾದಿನ ಲಾಡ್ ಬಜಾರಿನಲ್ಲಿ ಬಳೆಯ ಜೊತೆಗೆ ಕೊಳ್ಳುವ ಆ ಮಣಿತಲೆಯ ಪಿನ್ನು ನೋಡಲು ಚೆಂದವೇ. ಆದರೆ ಭಾರವೆಲ್ಲ ಮಣಿಯಲ್ಲಿರುವುದರಿಂದ ಸಾಮಾನ್ಯವಾಗಿ ಮಣಿ ಕೆಳಗಾಗಿ ಇಳಿಯುತ್ತದೆ, ಮೊನೆ ಮೇಲಕ್ಕೆ ನಿಲ್ಲುತ್ತದೆ. ಕೆಮ್ಮಿ ಹೊರಹಾಕೋಣವೆಂದರೆ ಮೊನೆಯೇ ಗೋಡೆಗೆ ಚುಚ್ಚಿಕೊಳ್ಳಬಹುದು. ಮೊದಲು ಕೆಮ್ಮು ಒತ್ತರಿಸಿಕೊಂಡು ಬರುತ್ತದೆ, ಆಮೇಲೆ ಎಷ್ಟೋ ಸಲ ತಣ್ಣಗಾಗಿಬಿಡುತ್ತದೆ. ಮೋಸ ಮಾಡುವುದು ಈ ತಣ್ಣಗಾಗುವಿಕೆಯೇ. ಪಿನ್ನು ಹೊಟ್ಟೆಗೆ ಹೋಗಿರಬೇಕು, ತಾನೇ ಹೊರಬರುತ್ತದೆ ಎಂದು ನೀವೇ ತೀರ್ಮಾನ ಮಾಡಿಕೊಂಡು ಕ್ಲಾಸಿಗೆ ಹೋಗಬೇಡಿ. ಶ್ವಾಸಕೋಶದಲ್ಲಿ ಉಳಿದರೆ ಸೋಂಕು, ಕಫದಲ್ಲಿ ರಕ್ತ ಹೀಗೆ ತೊಂದರೆ ಬೆಳೆಯುತ್ತದೆ.

ಬಾಳೆಹಣ್ಣು, ಅನ್ನದ ಉಂಡೆ ನುಂಗಿಸುವ ಮನೆಮದ್ದು ಇಲ್ಲಿ ನಡೆಯದು. ಅನ್ನದ ದಾರಿ ಬೇರೆ, ಉಸಿರಿನ ದಾರಿ ಬೇರೆ. ಅಲ್ಲದೆ ಪಿನ್ನು ತೆಗೆಯಲು ಅರಿವಳಿಕೆ ಕೊಡಬೇಕಾಗಿ ಬರುವುದರಿಂದ ಹೊಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು, ನೀರೂ ಬೇಡ. ಬಾಯಿಗೆ ಬೆರಳು ಹಾಕಿ ಹುಡುಕಬೇಡಿ. ನೇರ ಆಸ್ಪತ್ರೆಗೆ ನಡೆಯಿರಿ, ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಲೋಹವಾದ್ದರಿಂದ ಎದೆಯ ಎಕ್ಸ್‌ರೇಯಲ್ಲಿ ಪಿನ್ನು ಕಾಣುತ್ತದೆ. ಬ್ರಾಂಕೋಸ್ಕೋಪ್ ಎಂಬ ಕೊಳವೆಯನ್ನು ಬಾಯಿಯ ಮೂಲಕವೇ ಇಳಿಸಿ ಅದನ್ನು ತೆಗೆಯುತ್ತಾರೆ. ಬೇಗ ಹೋದರೆ ಎದೆ ಕೊಯ್ಯುವ ಪ್ರಸಂಗ ಬರುವುದು ಅಪರೂಪ.

ಇಷ್ಟೆಲ್ಲ ಏಕೆ? ಕನ್ನಡಿಯ ಪಕ್ಕ ಒಂದು ಬಟ್ಟಲು ಇಡಿ, ಇಲ್ಲವೇ ಮಣಿಕಟ್ಟಿಗೆ ಸೂಜಿಮೆತ್ತೆ ಕಟ್ಟಿಕೊಳ್ಳಿ. ಪಿನ್ನೇ ಬೇಡದ ಹೊಲಿದ ಹಿಜಾಬುಗಳೂ ಸಿಗುತ್ತವೆ. ಅಯಸ್ಕಾಂತದ ಪಿನ್ನು ಫ್ಯಾಶನ್ ಆಗಿದೆಯಂತೆ. ಅದನ್ನೂ ಬಾಯಿಗಿಡಬೇಡಿ, ಚಿಕ್ಕ ಮಕ್ಕಳ ಕೈಗೂ ಕೊಡಬೇಡಿ. ಎರಡು ಅಯಸ್ಕಾಂತ ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಹುದು.

ಇನ್ನು ಅಮ್ಮಂದಿರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಮಾತು. ಬೈಗುಳಕ್ಕೆ ಹೆದರಿ ಹುಡುಗಿ ವಿಷಯ ಮುಚ್ಚಿಟ್ಟರೆ ದಿನಗಳು ಕಳೆದುಹೋಗುತ್ತವೆ. ಪಿನ್ನು ಹೋಯಿತು ಎಂದು ಅವಳು ಬಾಯಿಬಿಟ್ಟರೆ ಏನೂ ಕೇಳಬೇಡಿ, ಆಟೋ ಹತ್ತಿಸಿ.