ಅಡಿಕೆ ಸಿಪ್ಪೆ: ಸುಡುವ ಕಸವೋ, ಭೂಮಿಯ ಹೊದಿಕೆಯೋ?

ಈ ಸಲ ನಾನು ಗಿಡದ ಬುಡಕ್ಕೆ ಹಾಕುವ ಹೊದಿಕೆಯ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಈಗ ಎಲ್ಲರೂ ಮಲ್ಚಿಂಗ್ ಅಂತಾರೆ.

ಉತ್ತರಾಖಂಡದ ಬೆಟ್ಟಗಳಲ್ಲಿ ಪೈನ್ ಎಂಬ ಮರವಿದೆ. ಅದರ ಎಲೆ ಸೂಜಿಯ ಹಾಗೆ ಉದ್ದ. ಒಣಗಿ ಬಿದ್ದ ಸೂಜಿಗಳಿಗೆ ಅಲ್ಲಿಯವರು ಪಿರೂಲ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬಿದ್ದರೆ ಕಾಡೇ ಉರಿಯುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಇದೇ ಥರದ ಸೂಜಿ ಎಲೆಯನ್ನು ಬಾಚಿ, ಹುಲ್ಲಿನ ಹೊರೆಯಂತೆ ಕಟ್ಟಿ ಮಾರುತ್ತಾರೆ. ಜನ ದುಡ್ಡು ಕೊಟ್ಟು ತಂದು ಹೂದೋಟಕ್ಕೆ ಹೊದಿಸುತ್ತಾರಂತೆ!

ನಮ್ಮ ಕಡೆ ಪೈನ್ ಇಲ್ಲ. ಆದರೆ ಅಡಿಕೆ ಸಿಪ್ಪೆ ಇದೆಯಲ್ಲ. ಹಸಿ ಅಡಿಕೆಯ ತೂಕದಲ್ಲಿ ನೂರಕ್ಕೆ 60ರಿಂದ 80 ಭಾಗ ಸಿಪ್ಪೆಯೇ. ಚನ್ನಗಿರಿ ತಾಲ್ಲೂಕಿನಲ್ಲಿ ಕೊಯ್ಲು ಶುರುವಾದರೆ ಸುಲಿಯುವ ಮಷೀನು ಹಗಲು ರಾತ್ರಿ ಓಡುತ್ತೆ. ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ರಸ್ತೆ ಪಕ್ಕ ಸುರೀತಾರೆ, ಆಮೇಲೆ ಬೆಂಕಿ ಹಚ್ಚುತಾರೆ. ಅದು ಧಗಧಗ ಉರಿಯೋದಿಲ್ಲ, ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಶಾಲೆಗೆ ಬರುವವರಿಗೆ ಎದುರಿನ ಲಾರಿ ಕಾಣಲ್ಲ. ನಮ್ಮ ಅಜ್ಜಿಗೆ ದಮ್ಮು ಇದೆ. ಕೊಯ್ಲಿನ ತಿಂಗಳುಗಳಲ್ಲಿ ಅವರು ಬಾಗಿಲು ಹಾಕಿಕೊಂಡೇ ಮಲಗುತ್ತಾರೆ.

ಇನ್ನೊಂದು ಕಡೆ ನೀರಿನ ಕಷ್ಟ. 2024ರ ಬೇಸಿಗೆಯಲ್ಲಿ ಬೋರು ಬತ್ತಿ, ಎಷ್ಟೋ ಜನ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡರು. ನಮ್ಮಪ್ಪನೂ ಸಾಲ ಮಾಡಿ ಟ್ಯಾಂಕರ್ ಹೊಡೆಸಿದರು. ನೀರು ಹಾಕಿದ ಬುಡ ಎರಡೇ ದಿನಕ್ಕೆ ಬಿರುಕು ಬಿಡುತ್ತಿತ್ತು. ಸಿಪ್ಪೆ ಮಾತ್ರ ರಸ್ತೆಯಲ್ಲಿ ಸುಡುತ್ತಿತ್ತು.

ಹೊದಿಕೆ ಏನು ಮಾಡುತ್ತೆ? ಬಿಸಿಲು ನೇರ ಮಣ್ಣಿಗೆ ಬೀಳದ ಹಾಗೆ, ಗಾಳಿ ತಾಗದ ಹಾಗೆ ತಡೆಯುತ್ತೆ. ಆವಿಯಾಗುವುದು ಕಡಿಮೆ. ಬೆಳಕು ಸಿಗದೆ ಕಳೆ ಏಳುವುದಿಲ್ಲ. ಜೋರು ಮಳೆ ಹೊಡೆದರೂ ಮಣ್ಣು ಕೊಚ್ಚಿಹೋಗುವುದಿಲ್ಲ. ಕೆಳಗೆ ತಂಪಿರುವುದರಿಂದ ಎರೆಹುಳು ಮೇಲೆ ಬರುತ್ತೆ. ನಾನು ಶಾಲೆಯ ಎರಡು ಕರಿಬೇವಿನ ಗಿಡಕ್ಕೆ ಒಂದೊಂದು ಕೊಡ ನೀರು ಹಾಕಿ, ಒಂದಕ್ಕೆ ಮಾತ್ರ ಸಿಪ್ಪೆ ಹೊದಿಸಿದೆ. ನಾಲ್ಕನೇ ದಿನ ಬೆರಳಿನಿಂದ ಕೆದಕಿ ನೋಡಿದೆ. ಬರೀ ಮಣ್ಣಿನಲ್ಲಿ ಇಡೀ ಬೆರಳು ಇಳಿಸಿದರೂ ಪಸೆ ಇಲ್ಲ. ಸಿಪ್ಪೆ ಸರಿಸಿದರೆ ಮೇಲೇ ತೇವ!

ಹಾಗಂತ ಮಷೀನಿನಿಂದ ಬಂದ ಹಸಿ ಸಿಪ್ಪೆಯನ್ನು ನೇರ ತಂದು ರಾಶಿ ಹಾಕಬಾರದು. ರಾಶಿಯೊಳಗೆ ಬಿಸಿ ಏಳುತ್ತೆ, ನೊಣ ಮುತ್ತುತ್ತೆ. ಹರಡಿ ಒಣಗಿಸಬೇಕು. ಸಿಪ್ಪೆ ನಾರು ನಾರಾಗಿರುವುದರಿಂದ ಕೊಳೆಯುವುದು ನಿಧಾನ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಸ್ವಲ್ಪ ಕಾಲ ತಾವೇ ತೆಗೆದುಕೊಳ್ಳುತ್ತವೆ, ಗಿಡ ಹಳದಿಯಾಗಬಹುದು. ಅದಕ್ಕೇ ಸಗಣಿ ನೀರು ಚಿಮುಕಿಸಬೇಕು. ಮೊದಲು ನೆಲ ನೆನೆಸಿ ಆಮೇಲೆ ಹೊದಿಸಬೇಕು. ಒಣ ನೆಲಕ್ಕೆ ಹೊದಿಸಿದರೆ ಸಣ್ಣ ತುಂತುರು ಸಿಪ್ಪೆಯಲ್ಲೇ ಇಂಗಿಬಿಡುತ್ತೆ. ನಾಲ್ಕು ಬೆರಳು ದಪ್ಪ ಸಾಕು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಕೊಳೆ ರೋಗ ಬಂದು ಉದುರಿದ ಕಾಯಿಯನ್ನು ಇದರ ಜೊತೆ ಸೇರಿಸಲೇಬಾರದು.

ಹೊನ್ನಾಳಿ, ನ್ಯಾಮತಿ ಕಡೆ ತೋಟವಿದ್ದವರು ಸೋಗೆಯನ್ನು ಕತ್ತರಿಸಿ ಬುಡಕ್ಕೇ ಹಾಕಬಹುದು. ಜಗಳೂರಿನದು ಬೇರೆ ಕಥೆ. ಅಲ್ಲಿ ಮಳೆ ಕಡಿಮೆ, ಹೊದಿಕೆ ಹೆಚ್ಚು ಬೇಕಾದದ್ದು ಅಲ್ಲೇ. ಶೇಂಗಾ ಹೊಟ್ಟನ್ನು ಹೊಲಕ್ಕೆ ಹಾಕಬಹುದಲ್ಲಾ ಅಂತ ನಮ್ಮ ಸೋದರಮಾವನನ್ನು ಕೇಳಿದೆ. "ಹೊಟ್ಟು ಹೊಲಕ್ಕೆ ಹಾಕಿದ್ರೆ ಎತ್ತು ಏನ್ ತಿಂತಾವವ್ವಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಣ ಹೊದಿಕೆಗೆ ಗೆದ್ದಲಿನ ಕಾಟವೂ ಇದೆ ಎಂದರು. ಕಾಡಿನ ತರಗೆಲೆ ತರೋಣವೆಂದರೆ ಅದು ಸರಿಯಲ್ಲ. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಳಿಗಾಗಿ ಕಾಯ್ದಿಟ್ಟ ವನ್ಯಧಾಮ. ಅಲ್ಲಿ ಬಿದ್ದ ಎಲೆ ಆ ಕಾಡಿನ ಮಣ್ಣಿಗೇ ಹೊದಿಕೆ. ಅದನ್ನು ಗುಡಿಸಿ ತಂದರೆ ಒಂದು ಮಗುವಿನ ಕಂಬಳಿ ಕಿತ್ತು ಇನ್ನೊಂದಕ್ಕೆ ಹೊದಿಸಿದಂತೆ. ನಮ್ಮಲ್ಲಿ ಹೆಚ್ಚಾಗಿ ಸುಡುತ್ತಿರುವುದನ್ನು ಬಳಸುವುದೇ ಸರಿ ಅಂತ ನನಗನ್ನಿಸುತ್ತೆ.

ಏಪ್ರಿಲ್‌ನಲ್ಲಿ ನಮಗೆ ರಜೆ. ಪ್ರತಿ ವರ್ಷ ರಜೆ ಮುಗಿಸಿ ಬರುವಷ್ಟರಲ್ಲಿ ಶಾಲೆಯ ಅರ್ಧ ಗಿಡಗಳು ಒಣಗಿರುತ್ತವೆ. ಈ ಸಲ ಹೆಡ್ ಮಾಸ್ತರು ಒಪ್ಪಿದ್ದಾರೆ. ಮುಂದಿನ ಶನಿವಾರ ಮನೆಯಲ್ಲಿ ಅಡಿಕೆ ಸುಲಿದವರು ಒಂದೊಂದು ಚೀಲ ಒಣ ಸಿಪ್ಪೆ ತನ್ನಿ. ಸಗಣಿ ನಾನು ತರುತ್ತೇನೆ.