ಕುಟುಂಬದೊಡನೆ ಅರಣ್ಯಪಥದಲ್ಲಿ ಒಂದು ಮುಂಜಾವು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕಾಡು ಎಂದರೆ ಬಹುಮಟ್ಟಿಗೆ ಊರಿನ ನೆನಪು. ರಜೆಯಲ್ಲಿ ಊರಿಗೆ ಹೋಗುವಾಗ ಕಿಟಕಿಯಿಂದ ಕಂಡು ಮರೆಯಾಗುವ ಹಸುರು. ಆದರೆ ಬೋರಿವಲಿ ನಿಲ್ದಾಣದ ಪೂರ್ವಕ್ಕೆ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಸುಮಾರು 104 ಚದರ ಕಿಲೋಮೀಟರು ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. 1860ರಲ್ಲಿ ಮುಗಿದ ವಿಹಾರ ಹಾಗೂ 1879ರಲ್ಲಿ ಮುಗಿದ ತುಳಸಿ ಜಲಾಶಯಗಳು ಇದರ ಮಡಿಲಲ್ಲಿಯೇ ಇವೆ. ಅಜ್ಜ ಅಜ್ಜಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಅರ್ಧ ದಿನ ಕಳೆದು ಬರಲು ಇದಕ್ಕಿಂತ ಅನುಕೂಲವಾದ ಕಾಡು ಈ ನಗರಕ್ಕೆ ಬೇರೊಂದಿಲ್ಲ.

ಇಂತಹ ನಡಿಗೆಯನ್ನು ಯೋಜಿಸುವಾಗ ಸಾಮಾನ್ಯವಾಗಿ ಆಗುವ ತಪ್ಪು ಒಂದೇ. ಮನೆಯಲ್ಲಿ ಎಲ್ಲರಿಗಿಂತ ಹುರುಪುಳ್ಳವರು ದಾರಿಯನ್ನು ಆರಿಸುತ್ತಾರೆ. ಆರಿಸಬೇಕಾದದ್ದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲನ್ನು ನೋಡಿ. ಮುಖ್ಯದ್ವಾರದಿಂದ ಕಾನ್ಹೇರಿ ಗುಹೆಗಳಿಗೆ ಆರೇಳು ಕಿಲೋಮೀಟರು ಎಂದಾಗ "ಅಷ್ಟೇ ತಾನೆ" ಎನಿಸುತ್ತದೆ. ಹಿಂತಿರುಗುವುದನ್ನೂ ಸೇರಿಸಿದರೆ ಅದು ಹದಿಮೂರರ ಆಸುಪಾಸು, ಮಂಡಿನೋವಿನ ಹಿರಿಯರಿಗೆ ತಕ್ಕುದಲ್ಲ. ಕಾನ್ಹೇರಿಯವರೆಗೆ ವಾಹನದಲ್ಲಿ ಹೋಗಿ ಅಲ್ಲಿಯೇ ಸುತ್ತಾಡುವುದು ಲೇಸು. ಅಲ್ಲಿನ ನೂರಕ್ಕೂ ಹೆಚ್ಚು ಗುಹೆಗಳ ನಡುವೆ, ಕವಿರಾಜಮಾರ್ಗದೊಡನೆ ಹೆಸರು ಬೆಸೆದುಕೊಂಡಿರುವ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯ ಒಂಬತ್ತನೆಯ ಶತಮಾನದ ಶಾಸನಗಳಿವೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಮರೆಯಬಾರದು. ಶಿಲೋಂಡಾದಂತಹ ಒಳದಾರಿಗಳಿಗೆ ಮಾತ್ರ ಮುಂಚಿತವಾಗಿ ವಿಚಾರಿಸಿ, ಅರಣ್ಯ ಇಲಾಖೆಯ ಮಾರ್ಗದರ್ಶಕರೊಡನೆಯೇ ಹೋಗತಕ್ಕದ್ದು. ಸೋಮವಾರ ಉದ್ಯಾನಕ್ಕೆ ರಜೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ತೊರೆಗಳು ನೋಡನೋಡುತ್ತ ಏರುವುದರಿಂದ ಮಕ್ಕಳೊಡನೆ ದಾಟುವ ಸಾಹಸ ಕೂಡದು.

ಇನ್ನು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಒಂದು ಸೂತ್ರವನ್ನು ಕೊಟ್ಟನು: ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರು, ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ತರುಣರ ಲೆಕ್ಕ. ಮೂರು ತಲೆಮಾರು ಕೂಡಿ ಹೊರಟಾಗ ಗಂಟೆಗೆ 2 ಕಿಲೋಮೀಟರು ಹಿಡಿಯುವುದು ಕ್ಷೇಮ.

ಉದಾಹರಣೆಗೆ, ಡೊಂಬಿವಲಿಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅರವತ್ತೆಂಟರ ಅಜ್ಜ, ಸಕ್ಕರೆ ಕಾಯಿಲೆಯ ಅಜ್ಜಿ, ಮಗ, ಸೊಸೆ, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು. ಹೋಗಲು 2, ಬರಲು 2, ಒಟ್ಟು 4 ಕಿಲೋಮೀಟರು ದಾರಿ. 8 ಗಂಟೆಗೆ ಹೊರಟು, ಅರ್ಧ ಗಂಟೆಗೊಮ್ಮೆ 10 ನಿಮಿಷ ಕುಳಿತರೆ 9-20ಕ್ಕೆ ಕೊನೆ ಮುಟ್ಟಬಹುದು. ಉಪಾಹಾರಕ್ಕೆ ಅರ್ಧ ಗಂಟೆ. ಮರಳುವಾಗಲೂ ಅಷ್ಟೇ ಹೊತ್ತು ಹಿಡಿದರೆ 11-10. ಇಷ್ಟಾದರೂ ಒಂದು ಗಂಟೆಯ ಕಾಲವನ್ನು ಮೀಸಲು ನಿಧಿಯಂತೆ ಮುಟ್ಟದೆ ಇಟ್ಟಿರಬೇಕು. ಎಲ್ಲಕ್ಕೂ ಮುಖ್ಯವಾಗಿ, 9-30 ಆದಾಗ ಎಲ್ಲಿದ್ದರೂ ಅಲ್ಲಿಂದಲೇ ಹಿಂತಿರುಗುವುದೆಂದು ಮನೆಯಲ್ಲಿಯೇ ನಿಶ್ಚಯಿಸಬೇಕು. ದಾರಿಯಲ್ಲಿ ನಿಶ್ಚಯಿಸಹೊರಟರೆ ಮಕ್ಕಳ ಮತವೇ ಗೆಲ್ಲುತ್ತದೆ.

ನೀರಿನ ಲೆಕ್ಕವನ್ನೂ ಹೀಗೆಯೇ ಹಾಕಬೇಕು. ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರಿನಂತೆ ನಾಲ್ವರಿಗೆ ಮೂರು ಗಂಟೆಗೆ 6 ಲೀಟರು, ಮಕ್ಕಳಿಬ್ಬರಿಗೆ 2 ಲೀಟರು. ಒಟ್ಟು 8 ಲೀಟರು, ಅಂದರೆ 8 ಕಿಲೋ ಭಾರ. ಒಬ್ಬರ ಹೆಗಲಿಗೆ ಇದು ಅನ್ಯಾಯ, ಹಂಚಿಕೊಳ್ಳಬೇಕು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಸಾಕು. ಆದರೆ ಕೋತಿಗಳ ಕಣ್ಣಿಗೆ ಬೀಳುವಂತೆ ಡಬ್ಬಿ ಬಿಚ್ಚಬಾರದು, ಸಿಪ್ಪೆಯನ್ನೂ ಕಾಗದವನ್ನೂ ಮನೆಗೇ ತರಬೇಕು. ಹೊಸ ಬೂಟನ್ನು ಅಂದೇ ತೊಡುವುದು ಬೊಕ್ಕೆಗೆ ಆಹ್ವಾನ. ಹವಾಯಿ ಚಪ್ಪಲಿ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಹಿರಿಯರ ವಿಷಯದಲ್ಲಿ. ಅಜ್ಜಿಯನ್ನು "ದಣಿವಾಯಿತೇ ಅಮ್ಮಾ?" ಎಂದು ಕೇಳಿದರೆ "ಇಲ್ಲಪ್ಪಾ, ನಡೀರಿ" ಎಂಬ ಉತ್ತರವೇ ಬರುವುದು. ಮೊಮ್ಮಕ್ಕಳ ಸಂತೋಷಕ್ಕೆ ತಾನು ಅಡ್ಡಿಯಾಗಬಾರದೆಂಬ ಸಂಕೋಚ ಆ ತಲೆಮಾರಿನದು. ಆದುದರಿಂದ ಕೇಳಬಾರದು, ಗಡಿಯಾರ ನೋಡಿ ಎಲ್ಲರೂ ಕುಳಿತುಬಿಡಬೇಕು. ನಡೆಯುತ್ತ ಅವರನ್ನು ಮಾತಿಗೆ ಎಳೆಯಬೇಕು. ಏದುಸಿರಿಲ್ಲದೆ ಒಂದು ಪೂರ್ಣ ವಾಕ್ಯವನ್ನಾಡಲಾರದಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಏರಿನಲ್ಲಿ ಉಸಿರಿಗೆ ಶ್ರಮ, ಇಳಿತದಲ್ಲಿ ಮಂಡಿಗೆ. ಅಜ್ಜನ ಊರುಗೋಲು ಹೆಚ್ಚು ಬೇಕಾಗುವುದು ಇಳಿಯುವಾಗಲೇ. ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಅಲ್ಲಿಯೇ ಕೂರಿಸಿ, 108ಕ್ಕೆ ಕರೆ ಮಾಡಿ, ಕಾವಲುಗಾರರ ನೆರವು ಪಡೆಯತಕ್ಕದ್ದು. ವಾಯು ಎಂದು ತಳ್ಳಿಹಾಕಬಾರದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ನಡಿಗೆಯಿಂದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ನಡುಕ, ಬೆವರು, ತೀವ್ರ ಹಸಿವು, ಮಾತಿನಲ್ಲಿ ತೊಡಕು ಅದರ ಕುರುಹುಗಳು. ಎಚ್ಚರವಿದ್ದರೆ ಕೂಡಲೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಸಾಗಿಸಬೇಕು. ಸಕ್ಕರೆಯ ಪೊಟ್ಟಣ ಚೀಲದ ತಳದಲ್ಲಲ್ಲ, ಅಜ್ಜಿಯ ಕೈಚೀಲದಲ್ಲಿಯೇ ಇರಬೇಕು.

ಈ ಕಾಡು ಚಿರತೆಗಳ ಮನೆಯೂ ಹೌದು. ಅವುಗಳ ಸಂಚಾರ ಹೆಚ್ಚಾಗಿ ಮುಸ್ಸಂಜೆಯಿಂದ ನಸುಕಿನವರೆಗೆ. ಆದುದರಿಂದಲೂ ಹಗಲ ನಡಿಗೆಯೇ ವಿಹಿತ. ಮಕ್ಕಳು ಮುಂದೆ ಓಡದೆ ದೊಡ್ಡವರ ನಡುವೆ ಇರಬೇಕು. ಕಂಡರೆ ಓಡಬಾರದು, ಬಾಗಬಾರದು. ಮಗುವನ್ನು ಎತ್ತಿಕೊಂಡು ಮುಖ ತಿರುಗಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಆ ಅಂಗವನ್ನು ಅಲುಗಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ, ನೋಡಬೇಕಾದದ್ದನ್ನೂ ಹೇಳಬೇಕಷ್ಟೆ. ಫೆಬ್ರವರಿ ಮಾರ್ಚ್ ಹೊತ್ತಿಗೆ ಮುತ್ತುಗವೂ ಬೂರುಗವೂ ಕೆಂಪಾಗಿ ಅರಳುತ್ತವೆ. ಎಂಟು ವರ್ಷಕ್ಕೊಮ್ಮೆ ನೇರಳೆ ಹೂ ಬಿಡುವ ಕಾರ್ವಿ ಗಿಡ ಇಲ್ಲಿ 2016ರಲ್ಲಿ, ಮತ್ತೆ 2024ರಲ್ಲಿ ಅರಳಿತು. ಅರ್ಧ ಗಂಟೆಗೊಮ್ಮೆ ಕುಳಿತಾಗ ಮಕ್ಕಳಿಗೆ ಊರಿನ ಹೆಸರುಗಳಿಂದ ಈ ಮರಗಳನ್ನು ಗುರುತಿಸಿ ಕೊಡುವ ಕೆಲಸ ಅಜ್ಜನದು.

ಮನೆಗೆ ಮರಳಿದ ಮೇಲೆಯೂ ಒಂದು ಕೆಲಸ ಉಳಿಯುತ್ತದೆ. ನಡಿಗೆಯ ಪರಿಣಾಮ ಹಲವು ಗಂಟೆಗಳ ತರುವಾಯವೂ ಮುಂದುವರಿಯುವುದರಿಂದ, ಇನ್ಸುಲಿನ್ ತೆಗೆದುಕೊಳ್ಳುವವರು ಅಂದು ರಾತ್ರಿ ಊಟ ತಪ್ಪಿಸದೆ, ಮಲಗುವ ಮುನ್ನ ಇನ್ನೊಮ್ಮೆ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.